ಮದುವೆಯಾಗದ ವಿಶ್ವಾಸಿಯ ಸಂತೃಪ್ತಿ: ಅದನ್ನು ಒಬ್ಬರೇ ಕಲಿಯಲು ಸಾಧ್ಯವೇ?

ಬಳ್ಳಾರಿ ಶಿಕ್ಷಕಿ (ಚರ್ಚೆ ಆರಂಭಿಸಿದವರು)

ವೇದಿಕೆಯ ಸಹೋದರ ಸಹೋದರಿಯರಿಗೆ ವಂದನೆಗಳು. ನನಗೆ ನಲವತ್ತು ದಾಟಿದೆ, ಬಳ್ಳಾರಿಯ ಒಂದು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ, ಮದುವೆಯಾಗಿಲ್ಲ. ಮದುವೆಯೇ ಬೇಡವೆಂದು ಹಟ ಹಿಡಿದವಳಲ್ಲ, ಕನ್ಯಾಮಠಕ್ಕೆ ಸೇರುವ ಕರೆ ಬಂದವಳೂ ಅಲ್ಲ. ಬಂದ ಸಂಬಂಧಗಳು ಕೂಡಿಬರಲಿಲ್ಲ, ಕೂಡಿಬರಬಹುದಾಗಿದ್ದ ಒಂದೆರಡನ್ನು ನಾನೇ ಯೋಚಿಸಿ ಬಿಟ್ಟೆ, ಅಷ್ಟರಲ್ಲಿ ವಯಸ್ಸು ಮುಂದೆ ಹೋಯಿತು. ನಮ್ಮ ಕ್ರೈಸ್ತ ಸಭೆಗಳಲ್ಲಿ ನನ್ನಂಥವರ ಸಂಖ್ಯೆ ಕಡಿಮೆಯೇನಿಲ್ಲ; ಮಾತಾಡುವವರು ಮಾತ್ರ ಕಡಿಮೆ.

ನಮಗೆ ಹೇಳಲಾಗುವ ಸಾಂತ್ವನ ಸಾಮಾನ್ಯವಾಗಿ ಎರಡೇ ಬಗೆಯದು. "ಕರ್ತನು ತಕ್ಕ ಕಾಲದಲ್ಲಿ ಕೂಡಿಸುತ್ತಾನೆ, ಕಾದಿರು" ಎನ್ನುವುದು ಒಂದು. "ನಿನಗೆ ಯೇಸುವೇ ಸಾಕು" ಎನ್ನುವುದು ಇನ್ನೊಂದು. ಮೊದಲನೆಯದು ಈಗ ನಡೆಯುತ್ತಿರುವ ಬದುಕನ್ನು ಮುಂದೆ ಬರಲಿರುವ ಯಾವುದೋ ಬದುಕಿನ ಪೂರ್ವಸಿದ್ಧತೆಯಾಗಿಸುತ್ತದೆ. ಎರಡನೆಯದನ್ನು ನಾನು ಮನಸಾರೆ ನಂಬುತ್ತೇನೆ, ಆದರೆ ಅದನ್ನು ಹೇಳಿದವರು ಪ್ರಾರ್ಥನೆ ಮುಗಿಸಿ ತಮ್ಮ ಮನೆಗೆ ಹೋಗಿ ಗಂಡ ಮಕ್ಕಳ ಜೊತೆ ಊಟಕ್ಕೆ ಕೂರುತ್ತಾರೆ ಎನ್ನುವುದೂ ನನ್ನ ಗಮನಕ್ಕೆ ಬರದೇ ಇರುವುದಿಲ್ಲ.

ಬೈಬಲಿನಲ್ಲಿ ಅಪೊಸ್ತಲನಾದ ಪೌಲನು ಫಿಲಿಪ್ಪಿ ಪಟ್ಟಣದ ಸಭೆಯವರಿಗೆ ಬರೆದ ಪತ್ರದ ನಾಲ್ಕನೆಯ ಅಧ್ಯಾಯವನ್ನು ಇಂಥ ಸಂದರ್ಭಗಳಲ್ಲಿ ಎಲ್ಲರೂ ಎತ್ತಿ ಹೇಳುತ್ತಾರೆ. ಯಾವ ಸ್ಥಿತಿಯಲ್ಲಿದ್ದರೂ ಸಂತುಷ್ಟನಾಗಿರುವುದನ್ನು ಕಲಿತಿದ್ದೇನೆಂದು ಅವನು ಅಲ್ಲಿ ಹೇಳಿರುವುದು ನಿಜ. ಕ್ಯಾಲೆಂಡರುಗಳ ಮೇಲೆ ಆ ಭಾಗದ ಒಂದೇ ವಚನ ಬಿಡಿಯಾಗಿ ಅಚ್ಚಾಗುವುದರಿಂದ ಅದರ ಹಿಂದುಮುಂದು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಸೆರೆಯಲ್ಲಿದ್ದ ಅವಿವಾಹಿತ ಪೌಲನಿಗೆ ಫಿಲಿಪ್ಪಿಯ ಸ್ನೇಹಿತರು ಎಪಫ್ರೊದೀತನ ಕೈಯಲ್ಲಿ ಸಹಾಯ ಕಳಿಸಿದ್ದರು. ತಂದುಕೊಟ್ಟವನು ಸಾಯುವ ಹಾಗೆ ಕಾಯಿಲೆ ಬಿದ್ದು ಬದುಕಿಕೊಂಡಿದ್ದನು. ಆ ಉಪಕಾರವನ್ನು ನೆನೆಯುತ್ತಲೇ ಪೌಲನು ಸಂತುಷ್ಟಿಯ ಮಾತನ್ನು ಬರೆಯುತ್ತಾನೆ. ಅದು ಮುಗಿದ ಮರುವಚನದಲ್ಲಿಯೇ, ನನ್ನ ಸಂಕಟದಲ್ಲಿ ನೀವು ಪಾಲುಗಾರರಾದದ್ದು ಒಳ್ಳೆಯದಾಯಿತೆಂದು ಹೇಳುತ್ತಾನೆ. ಅಂದರೆ ಅದು ಯಾರ ಹಂಗೂ ಬೇಡವೆನ್ನುವವನ ಮಾತಲ್ಲ, ಸ್ನೇಹಿತರು ಕಳಿಸಿದ್ದನ್ನು ಕೈಯಲ್ಲಿ ಹಿಡಿದುಕೊಂಡಿರುವವನ ಮಾತು. ನನ್ನ ವಾದವೂ ಇಷ್ಟೇ: ಮದುವೆಯಾಗದ ವಿಶ್ವಾಸಿಯ ಸಂತೃಪ್ತಿಯು ಅವಳ ಖಾಸಗಿ ಭಕ್ತಿಯ ಬಲದಿಂದ ಮಾತ್ರ ಬರುವಂಥದ್ದಲ್ಲ, ಅದರ ಅರ್ಧ ಹೊಣೆಯನ್ನು ಅವಳ ಸ್ನೇಹಿತರೂ ಸಭೆಯೂ ಹೊರಬೇಕು.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ನನಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಇಳಿದಾಗ, ನಮ್ಮ ಸಭೆಯ ಗೆಳತಿಯೊಬ್ಬಳು ನನ್ನನ್ನು ಆಟೋದಲ್ಲಿ ಖಾಸಗಿ ಆಸ್ಪತ್ರೆಗೆ ಕರೆದೊಯ್ದಳು. ದಾಖಲಾತಿಯ ಅರ್ಜಿಯಲ್ಲಿ "ರೋಗಿಯೊಂದಿಗೆ ಸಂಬಂಧ" ಎಂಬ ಕಡೆ ಅವಳು "ಸ್ನೇಹಿತೆ" ಎಂದು ಬರೆದಳು. ಕೌಂಟರಿನಲ್ಲಿದ್ದವರು ಅರ್ಜಿಯನ್ನು ಹಿಂದಕ್ಕೆ ತಳ್ಳಿ, "ಮನೆಯವರು ಬೇಕು ಮೇಡಂ, ಫ್ರೆಂಡ್ಸ್ ನಡೆಯೋದಿಲ್ಲ" ಎಂದರು. ಅವಳು ಒಂದು ಕ್ಷಣವೂ ಯೋಚಿಸದೆ ಅದನ್ನು ಹೊಡೆದುಹಾಕಿ "ಅಕ್ಕ" ಎಂದು ಬರೆದಳು. ಅವಳ ಮನೆಮಾತು ತೆಲುಗು, ನನ್ನದು ಕನ್ನಡ. ಇಬ್ಬರ ಇನಿಶಿಯಲ್ಲುಗಳೂ ಬೇರೆ. ಯಾರೂ ಮರುಪ್ರಶ್ನೆ ಕೇಳಲಿಲ್ಲ. ನನ್ನ ತಮ್ಮ ಬೆಂಗಳೂರಿನಿಂದ ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಬಂದು ಸೇರುವ ಹೊತ್ತಿಗೆ ಜ್ವರ ಇಳಿದಿತ್ತು, ಮತ್ತು ಅವಳು ರಾತ್ರಿಯೆಲ್ಲ ಕಬ್ಬಿಣದ ಸ್ಟೂಲಿನ ಮೇಲೆ ಕುಳಿತು ಕಾಲು ಊದಿಸಿಕೊಂಡಿದ್ದಳು.

ನಿಮ್ಮ ಅನುಭವ ಮತ್ತು ಅಭಿಪ್ರಾಯಗಳನ್ನು ತಿಳಿಸಬೇಕೆಂದು ಕೋರುತ್ತೇನೆ. ವರಾನ್ವೇಷಣೆಯ ಸಂದೇಶಗಳನ್ನು ದಯವಿಟ್ಟು ಕಳಿಸಬೇಡಿ.

ತೋರಣಗಲ್ಲು ಇಂಜಿನಿಯರ್

ಅಕ್ಕಾ, ನೀವು ಬರೆದದ್ದರ ಬಹುಭಾಗವನ್ನು ಒಪ್ಪುತ್ತೇನೆ, ಆದರೂ ನನ್ನ ಒಂದು ಸಂಕಟವನ್ನು ಹೇಳಲೇಬೇಕು. ನನಗೆ ಇಪ್ಪತ್ತೆಂಟು; ಉಕ್ಕಿನ ಕಾರ್ಖಾನೆಯಲ್ಲಿ ಪಾಳಿಯ ಕೆಲಸ. ನನಗೆ ಮದುವೆಯಾಗುವ ಆಸೆ ಇದೆ, ಮಕ್ಕಳ ಆಸೆಯೂ ಇದೆ. ಸಂತೃಪ್ತಿಯ ಬಗ್ಗೆ ಯಾರು ಮಾತಾಡಿದರೂ, ಆ ಆಸೆಯೇ ವಿಶ್ವಾಸದ ಕೊರತೆಯೆಂಬ ಧ್ವನಿ ಅದರಲ್ಲಿ ಕೇಳಿಸುತ್ತದೆ. ಸಮುವೇಲನ ಮೊದಲನೆಯ ಪುಸ್ತಕದಲ್ಲಿ ಮಕ್ಕಳಿಲ್ಲದ ಹನ್ನಳು ಮಗುವಿಗಾಗಿ ಬೇಡುತ್ತ ದೇವಾಲಯದಲ್ಲಿ ಅತ್ತಾಗ, ಯಾಜಕನಾದ ಏಲಿಯು ಅವಳು ಕುಡಿದಿದ್ದಾಳೆಂದು ಭಾವಿಸಿದನೇ ಹೊರತು, ಅತ್ತದ್ದಕ್ಕಾಗಿ ದೇವರು ಅವಳನ್ನು ಗದರಿಸಲಿಲ್ಲ. ಅಳುವುದಕ್ಕೂ ಸಂತುಷ್ಟಿಗೂ ಒಂದೇ ಮನಸ್ಸಿನಲ್ಲಿ ಜಾಗವಿರಬಾರದೇ?

ಇನ್ನು ಸ್ನೇಹದ ವಿಚಾರ. ಟೌನ್‌ಶಿಪ್ಪಿನ ಆರಾಧನೆಗೆ ಬರುವವರು ಕೇರಳ, ತಮಿಳುನಾಡು, ಜಾರ್ಖಂಡ್ ಹೀಗೆ ಎಲ್ಲೆಲ್ಲಿಂದಲೋ ಬಂದವರು. ಒಬ್ಬರ ಪರಿಚಯ ಗಟ್ಟಿಯಾಗುವ ಹೊತ್ತಿಗೆ ಅವರಿಗೆ ವರ್ಗವಾಗಿರುತ್ತದೆ ಅಥವಾ ಮದುವೆಯಾಗಿರುತ್ತದೆ. ಆಸ್ಪತ್ರೆಯಲ್ಲಿ ರಾತ್ರಿ ಕೂರುವ ಗೆಳತಿ ನಿಮಗೆ ಸಿಕ್ಕಿದ್ದು ನೀವು ಒಂದೇ ಊರಿನಲ್ಲಿ ಬಹುಕಾಲ ನಿಂತದ್ದರಿಂದ. ನಮ್ಮಂಥವರು ಏನು ಮಾಡಬೇಕು?

ಕೊಪ್ಪಳದ ಸಭಾಪಾಲಕ

ಇಬ್ಬರು ಸಹೋದರಿಯರ ಪತ್ರಗಳನ್ನೂ ಗಮನವಿಟ್ಟು ಓದಿದೆನು. ವೇದವಾಕ್ಯದ ವಿಷಯದಲ್ಲಿ ಒಂದೆರಡು ಮಾತು ಸ್ಪಷ್ಟಪಡಿಸುವುದು ಒಳ್ಳೆಯದು.

ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಏಳನೆಯ ಅಧ್ಯಾಯವನ್ನು ಅವಿವಾಹಿತರಿಗೆ ಓದಿ ಹೇಳುವಾಗ ನಾವು ಬಹಳ ಎಚ್ಚರಿಕೆಯಿಂದ ಇರಬೇಕು. ತನ್ನಂತೆಯೇ ಎಲ್ಲರೂ ಇದ್ದರೆ ಒಳ್ಳೆಯದೆಂದು ಪೌಲನು ಬಯಸಿದರೂ, ಒಬ್ಬರಿಗೆ ಒಂದು ವರ, ಮತ್ತೊಬ್ಬರಿಗೆ ಬೇರೊಂದು ವರವೆಂದು ಅದೇ ವಾಕ್ಯದಲ್ಲಿ ಹೇಳುತ್ತಾನೆ. ಮದುವೆಯಾಗದವರ ವಿಷಯದಲ್ಲಿ ತನಗೆ ಕರ್ತನ ಆಜ್ಞೆಯೇನೂ ಇಲ್ಲ, ಇದು ತನ್ನ ಅಭಿಪ್ರಾಯ ಎಂದೂ, ನಿಮ್ಮ ಕೊರಳಿಗೆ ಉರುಲು ಹಾಕಲು ಇದನ್ನು ಹೇಳುತ್ತಿಲ್ಲವೆಂದೂ ಅವನೇ ಬರೆದಿದ್ದಾನೆ. ಆದುದರಿಂದ ತೋರಣಗಲ್ಲಿನ ಸಹೋದರಿಯು ಮದುವೆಯನ್ನು ಬಯಸುವುದು ಯಾವ ರೀತಿಯಲ್ಲಿಯೂ ಅವಿಶ್ವಾಸವಲ್ಲ.

ಶಿಕ್ಷಕಿಯವರ ಟೀಕೆಯ ಬಗ್ಗೆ ನನ್ನ ಕಡೆಯಿಂದ ಒಂದು ಸಮರ್ಥನೆಯೂ ಇದೆ. ಗೃಹಪ್ರಾರ್ಥನೆಗಳಲ್ಲಿ ನಾವು ಅವಿವಾಹಿತರ ಮದುವೆಗಾಗಿ ಪ್ರಾರ್ಥಿಸುವುದು ಅವರ ಬದುಕು ಅಪೂರ್ಣವೆಂದಲ್ಲ. ಹೆಚ್ಚಿನ ತಂದೆತಾಯಿಗಳು ಕಣ್ಣೀರಿಟ್ಟು ಕೇಳಿಕೊಳ್ಳುವ ಬಿನ್ನಹವೇ ಅದಾಗಿರುತ್ತದೆ. ಅದನ್ನು ಪಾಲಕನಾದವನು ಹೇಗೆ ನಿರಾಕರಿಸಲಿ?

ನಮ್ಮ ಸಭೆಗಳು ಬೆಳೆದ ರೀತಿಯೂ ಇದಕ್ಕೆ ಕಾರಣ. ನಮ್ಮ ಭಾಗದಲ್ಲಿ, ಅದರಲ್ಲೂ ಹಿಂದಿನ ನಿಜಾಮರ ಸೀಮೆಯ ಹಳ್ಳಿಗಳಲ್ಲಿ, ಜನರು ಒಬ್ಬೊಬ್ಬರಾಗಿ ಸಭೆಗೆ ಬಂದದ್ದು ಕಡಿಮೆ; ಮನೆಮನೆಯೇ, ಕೆಲವೆಡೆ ಇಡೀ ಕೇರಿಯೇ ದೀಕ್ಷಾಸ್ನಾನ ಪಡೆಯಿತು. ಆ ಒಗ್ಗಟ್ಟೇ ಅವರನ್ನು ಕಷ್ಟಕಾಲದಲ್ಲಿ ಉಳಿಸಿತು. ಅಂಥ ಸಭೆಯಲ್ಲಿ ಲೆಕ್ಕಕ್ಕೆ ಬರುವುದು ಕುಟುಂಬ. ನಮ್ಮ ರಿಜಿಸ್ಟರಿನಲ್ಲಿ ಹಾಳೆಗಳಿರುವುದು ಕುಟುಂಬಕ್ಕೊಂದರಂತೆ, ವಂತಿಗೆ ಬರೆಯುವುದೂ ಕುಟುಂಬದ ಯಜಮಾನನ ಹೆಸರಿನಲ್ಲಿ. ಐವತ್ತು ವರ್ಷದ ಅವಿವಾಹಿತ ಸಹೋದರಿಯೊಬ್ಬರ ಹೆಸರು ಇಂದಿಗೂ ಅವರ ಅಣ್ಣನ ಹಾಳೆಯಲ್ಲಿ, ಅಣ್ಣನ ಮಕ್ಕಳ ಕೆಳಗೆ ಇದೆ.

ಹಟ್ಟಿಯವ

ಅಯ್ಯನವರು ಕೊನೆಯಲ್ಲಿ ಬರೆದ ರಿಜಿಸ್ಟರಿನ ಮಾತು ಅವರ ಸಮರ್ಥನೆಯನ್ನು ತಾನೇ ಕೆಡವುತ್ತದೆ ಎಂದು ಗೌರವಪೂರ್ವಕವಾಗಿ ಹೇಳುತ್ತೇನೆ. ಅಣ್ಣನ ಮಕ್ಕಳ ಕೆಳಗೆ ಹೆಸರಿರುವವರ ಬದುಕು ಅಪೂರ್ಣವಲ್ಲವೆಂದು ಬಾಯಲ್ಲಿ ಹೇಳಿದರೆ ಯಾರು ನಂಬುತ್ತಾರೆ?

ನಾನು ಹಟ್ಟಿಯ ಚಿನ್ನದ ಗಣಿಯಲ್ಲಿ ಕಚೇರಿ ಕೆಲಸದಲ್ಲಿದ್ದೇನೆ, ಮೂವತ್ತೈದು ದಾಟಿದೆ. ಗಂಡಸರ ಕಥೆ ಸ್ವಲ್ಪ ಬೇರೆ. ಅವಿವಾಹಿತ ಹೆಂಗಸನ್ನು ಕಂಡು ಜನ ಮರುಗುತ್ತಾರೆ. ಅವಿವಾಹಿತ ಗಂಡಸನ್ನು ಕಂಡು ಅನುಮಾನಿಸುತ್ತಾರೆ. ಲಿಂಗಸುಗೂರಿನಲ್ಲಿ ಮನೆ ಹುಡುಕಿದಾಗ "ಬ್ಯಾಚಲರ್‌ಗೆ ಕೊಡೋದಿಲ್ಲ" ಎಂಬ ಮಾತನ್ನು ಎಲ್ಲ ಧರ್ಮದ ಮಾಲೀಕರೂ ಒಂದೇ ಸ್ವರದಲ್ಲಿ ಹೇಳಿದರು, ಸರ್ವಧರ್ಮ ಸಮನ್ವಯವೆಂದರೆ ಅದೇ ಇರಬೇಕು. ಭಾನುವಾರ ಶಾಲೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತೇನೆಂದರೆ, ಮೊದಲು ಮದುವೆ ಮಾಡಿಕೋ ಆಮೇಲೆ ನೋಡೋಣ ಎನ್ನುತ್ತಾರೆ. ಮದುವೆಯನ್ನೇ ಮಾಡಿಕೊಳ್ಳದ ಯೇಸುಸ್ವಾಮಿಯ ಬಗ್ಗೆ ಪಾಠ ಹೇಳಲು ಇಂಥ ಅರ್ಹತೆ ಏಕೆ ಬೇಕೋ ನನಗೆ ತಿಳಿಯದು.

ಸ್ನೇಹದ ವಿಷಯದಲ್ಲಿಯೂ ಗಂಡಸರು ಬಡವರು. ಕ್ರಿಕೆಟ್ ಇದೆ, ಬೈಕ್ ಇದೆ, ಒಗ್ಗಾಣಿ ಮಿರ್ಚಿಯ ಅಂಗಡಿಯ ಮುಂದೆ ಗಂಟೆಗಟ್ಟಲೆ ಹರಟೆ ಇದೆ. ಆದರೆ "ನನಗೆ ಈ ತಿಂಗಳು ಮನಸ್ಸು ಸರಿಯಿಲ್ಲ" ಎಂದು ಒಬ್ಬನೂ ಇನ್ನೊಬ್ಬನಿಗೆ ಹೇಳುವುದಿಲ್ಲ. ಸೆರೆಸಿಕ್ಕ ರಾತ್ರಿ ಗೆತ್ಸೆಮನೆ ತೋಟದಲ್ಲಿ ಯೇಸು ತನ್ನ ಮೂವರು ಗೆಳೆಯರನ್ನು ಹತ್ತಿರ ಕರೆದು, ನನ್ನ ಪ್ರಾಣವು ಸಾಯುವಷ್ಟು ದುಃಖಕ್ಕೊಳಗಾಗಿದೆ, ನನ್ನ ಜೊತೆ ಎಚ್ಚರವಾಗಿರಿ ಎಂದು ಕೇಳಿಕೊಂಡನು. "ದೇವರೇ ಸಾಕು" ಎನ್ನಲು ಅವನಿಗಿಂತ ಹೆಚ್ಚಿನ ಅಧಿಕಾರ ಯಾರಿಗಿತ್ತು? ಆದರೂ ಕೇಳಿದನು. ಅವರು ನಿದ್ದೆ ಹೋದರು, ಅದು ಬೇರೆ ವಿಚಾರ.

ಬಳ್ಳಾರಿ ಶಿಕ್ಷಕಿ

ಅದು ಬೇರೆ ವಿಚಾರವಲ್ಲ ತಮ್ಮಾ, ಅದೇ ಮುಖ್ಯ ವಿಚಾರವೆಂದು ನನಗೆ ತೋರುತ್ತದೆ. ನಿದ್ದೆ ಹೋದ ಆ ಮೂವರನ್ನು ಅವನು ಬಿಟ್ಟುಬಿಡಲಿಲ್ಲ. ಅವರಲ್ಲಿ ಒಬ್ಬನು ಬೆಳಗಾಗುವಷ್ಟರಲ್ಲಿ ಅವನನ್ನು ಅರಿಯೆನೆಂದ ಮೇಲೂ ಬಿಡಲಿಲ್ಲ. ಸ್ನೇಹವನ್ನು ಮದುವೆಯ ಬದಲಿಗೆ ಇಟ್ಟು, ಅದು ಎಲ್ಲವನ್ನೂ ತುಂಬಿಕೊಡಬೇಕೆಂದು ನಿರೀಕ್ಷಿಸಿದರೆ, ಸ್ನೇಹಿತರು ಸೋಲುವುದು ಖಂಡಿತ. ನನ್ನ ಗೆಳತಿ ಆಸ್ಪತ್ರೆಯಲ್ಲಿ ಕೂತಳು. ಅದೇ ಗೆಳತಿ ತನ್ನ ಮಗಳ ಪರೀಕ್ಷೆಯ ಕಾಲದಲ್ಲಿ ತಿಂಗಳುಗಟ್ಟಲೆ ಫೋನನ್ನೇ ಎತ್ತುವುದಿಲ್ಲ. ಎರಡೂ ನಿಜ.

ತೋರಣಗಲ್ಲಿನ ತಂಗಿಗೆ: ಅಳುವುದನ್ನು ಬಿಡಬೇಕೆಂದು ನಾನು ಎಂದಿಗೂ ಹೇಳಲಾರೆ. ಸೋದರಮಾವಂದಿರೆಲ್ಲ ಸೇರುವ ಮದುವೆಗಳಲ್ಲಿ, ಸಭೆಯಲ್ಲಿ ಮೂರು ಭಾನುವಾರ ಮದುವೆಯ ಪ್ರಕಟಣೆ ಓದುವಾಗ, ನನಗೆ ಇಂದಿಗೂ ಒಳಗೆ ಏನೋ ಹಿಂಡುತ್ತದೆ. ಪೌಲನು ತನ್ನ ಕಿರಿಯ ಜೊತೆಗಾರ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕೊನೆಯನ್ನು ಓದಿ ನೋಡು. ಒಬ್ಬನು ತನ್ನನ್ನು ಬಿಟ್ಟುಹೋದನು, ಲೂಕನು ಮಾತ್ರ ಜೊತೆಗಿದ್ದಾನೆ, ತ್ರೋವದಲ್ಲಿ ಕರ್ಪನ ಮನೆಯಲ್ಲಿ ಬಿಟ್ಟ ಮೇಲಂಗಿಯನ್ನೂ ಪುಸ್ತಕಗಳನ್ನೂ ತೆಗೆದುಕೊಂಡು ಬಾ, ಚಳಿಗಾಲಕ್ಕೆ ಮುಂಚೆ ಬರಲು ಪ್ರಯತ್ನಿಸು ಎಂದೆಲ್ಲ ಅಲ್ಲಿದೆ. ಸಂತುಷ್ಟಿಯನ್ನು ಕಲಿತವನಿಗೂ ಚಳಿಯಾಗುತ್ತಿತ್ತು, ಜೊತೆ ಬೇಕಾಗುತ್ತಿತ್ತು, ಅದನ್ನು ಬರೆದು ಕೇಳಲು ಅವನಿಗೆ ನಾಚಿಕೆಯಾಗಲಿಲ್ಲ.

ಊರು ಬದಲಾಗುವವರ ಸ್ನೇಹದ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಬೇರೆ ಯಾರಾದರೂ ಹೇಳಲಿ.

ಮುದಗಲ್ಲಿನ ನಿವೃತ್ತ ಮೇಷ್ಟ್ರು

ನಾನು ಕ್ಯಾಥೊಲಿಕನು. ಹೀಗಾಗಿ ಈ ಚರ್ಚೆಗೆ ಪಕ್ಕದ ಮನೆಯ ಕಟ್ಟೆಯಿಂದ ಮಾತಾಡಿದ ಹಾಗಾದರೆ ಕ್ಷಮೆಯಿರಲಿ. ನಮ್ಮ ಊರಿನ ಕ್ರೈಸ್ತ ಸಮುದಾಯ ಆದಿಲಶಾಹಿ ಕಾಲದಷ್ಟು ಹಳೆಯದು. ಬ್ರಹ್ಮಚಾರಿ ಗುರುಗಳನ್ನೂ ಕನ್ಯಾಸ್ತ್ರೀಯರನ್ನೂ ನೋಡಿಕೊಂಡೇ ಬೆಳೆದ ನಮಗೆ, ಮದುವೆಯಿಲ್ಲದ ಬದುಕು ವಿಚಿತ್ರವೆಂದು ಅನ್ನಿಸುವುದಿಲ್ಲ. ನೀವು ಪ್ರೊಟೆಸ್ಟೆಂಟರು ಆ ದಾರಿಯನ್ನು ಮುಚ್ಚಿದಿರಿ. 1525ರಲ್ಲಿ ನಿಮ್ಮ ಸುಧಾರಕ ಲೂಥರನು ಮಾಜಿ ಕನ್ಯಾಸ್ತ್ರೀ ಕ್ಯಾಥರೀನಾ ಫಾನ್ ಬೋರಾ ಅವರನ್ನು ಮದುವೆಯಾದ ಮೇಲೆ, ಪಾದ್ರಿಯ ಸಂಸಾರವೇ ಭಕ್ತಿಯ ಮಾದರಿಯಾಯಿತು. ಅದರಿಂದ ಒಳ್ಳೆಯದೂ ಆಯಿತೆನ್ನುವುದನ್ನು ಅಲ್ಲಗಳೆಯುವುದಿಲ್ಲ, ಆದರೆ ಸಂಸಾರವಿಲ್ಲದವರಿಗೆ ಕೂರಲು ಬೆಂಚಿನಲ್ಲಿ ಜಾಗ ಉಳಿಯಲಿಲ್ಲ.

ನಮ್ಮಲ್ಲಿಯೂ ಸಮಸ್ಯೆ ಇಲ್ಲವೆಂದಲ್ಲ. ಮಠಕ್ಕೆ ಸೇರಿದರೆ ಗೌರವ, ಮದುವೆಯಾದರೆ ಆಶೀರ್ವಾದ. ಎರಡೂ ಇಲ್ಲದೆ ತಾಯಿಯನ್ನು ನೋಡಿಕೊಂಡು ಮನೆಯಲ್ಲಿಯೇ ಉಳಿದ ನನ್ನ ತಂಗಿಗೆ ಯಾವ ಹೆಸರೂ ಇಲ್ಲ, ಯಾವ ಹಬ್ಬವೂ ಇಲ್ಲ. ಕನ್ಯಾಸ್ತ್ರೀಯರಿಗೆ ಒಂದು ವ್ಯವಸ್ಥೆಯಾದರೂ ಇದೆ: ಒಟ್ಟಿಗೆ ಪ್ರಾರ್ಥನೆ, ಒಟ್ಟಿಗೆ ಊಟ, ಮುಪ್ಪಿನಲ್ಲಿ ನೋಡಿಕೊಳ್ಳುವ ಕೈಗಳು. ಅವರು ಒಂಟಿಯಾಗಿ ಬದುಕುವುದಿಲ್ಲವೆಂಬುದನ್ನು ಜನ ಮರೆಯುತ್ತಾರೆ. ಬ್ರಹ್ಮಚರ್ಯವನ್ನು ಹೊಗಳುವವರು ಅದರ ಹಿಂದಿರುವ ಊಟದ ಮೇಜನ್ನೂ ಹೊಗಳಬೇಕು.

ನಿಮ್ಮ ಪರಂಪರೆಯಲ್ಲಿಯೂ ಉದಾಹರಣೆಗಳಿವೆಯಲ್ಲ. ವೆಲ್ಲೂರಿನ ಆಸ್ಪತ್ರೆ ಕಟ್ಟಿದ ಡಾ. ಐಡಾ ಸ್ಕಡರ್ ಮದುವೆಯಾಗಲಿಲ್ಲ. ಅವರ ಬಗ್ಗೆ ಹೇಳುವಾಗ 1900ರಲ್ಲಿ ಅವರು ಆರಂಭಿಸಿದ ಪುಟ್ಟ ಚಿಕಿತ್ಸಾಲಯ, 1918ರಲ್ಲಿ ಮಹಿಳೆಯರಿಗಾಗಿ ತೆರೆದ ವೈದ್ಯಕೀಯ ಶಾಲೆ ಇವನ್ನೆಲ್ಲ ವಿವರಿಸುತ್ತೇವೆ. ಗರ್ಟ್ರೂಡ್ ಡಾಡ್ ಎಂಬ ಗೆಳತಿ ಅಮೆರಿಕದಿಂದ ಬಂದು, ಬಹುಕಾಲ ಅವರ ಜೊತೆಯಲ್ಲಿಯೇ ಇದ್ದು, ತನ್ನ ಹಣವನ್ನೂ ಶ್ರಮವನ್ನೂ ಆ ಕೆಲಸಕ್ಕೆ ಸುರಿದದ್ದನ್ನು ಎಷ್ಟು ಜನ ಹೇಳುತ್ತಾರೆ? ನಮಗೆ ಒಂಟಿ ವೀರರ ಕಥೆ ಇಷ್ಟ.

ಗಂಗಾವತಿ ಗೃಹಿಣಿ

ಮದುವೆಯಾದವಳು ಈ ಚರ್ಚೆಯಲ್ಲಿ ಮಾತಾಡಬಹುದೋ ಇಲ್ಲವೋ ಎಂದು ಹಿಂದೆಮುಂದೆ ನೋಡಿ ಬರೆಯುತ್ತಿದ್ದೇನೆ. ನನ್ನ ಮನೆಯವರು ರೈಸ್ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತಾರೆ. ಭತ್ತದ ಸುಗ್ಗಿಯಲ್ಲಿ ಅವರು ರಾತ್ರಿ ಬರುವ ಹೊತ್ತಿಗೆ ಮಕ್ಕಳು ಮಲಗಿರುತ್ತಾರೆ. ಮದುವೆಯಾದವರಿಗೆ ಒಂಟಿತನ ಇರುವುದಿಲ್ಲವೆಂದು ಯಾರಾದರೂ ಅಂದುಕೊಂಡಿದ್ದರೆ ಅದನ್ನು ಇಲ್ಲಿಯೇ ಬಿಟ್ಟುಬಿಡಿ. ಆದರೆ ಎರಡೂ ಒಂದೇ ಎಂದೂ ನಾನು ಹೇಳುವುದಿಲ್ಲ. ನನಗೆ ಬೇಸರವಾದರೆ ಜಗಳವಾಡಲಿಕ್ಕಾದರೂ ಒಬ್ಬರಿದ್ದಾರೆ.

ನಮ್ಮ ಸಭೆಯಲ್ಲಿ ನರ್ಸ್ ಒಬ್ಬರಿದ್ದಾರೆ, ಅವಿವಾಹಿತರು. ಅವರು ಪ್ರತಿ ಬುಧವಾರ ರಾತ್ರಿ ನಮ್ಮ ಮನೆಯಲ್ಲಿ ಊಟ ಮಾಡುತ್ತಾರೆ. ಮೊದಮೊದಲು ಅತಿಥಿಯೆಂದು ಚಪಾತಿ, ಪಲ್ಯ, ಪಾಯಸ ಮಾಡುತ್ತಿದ್ದೆ. ಅವರು ಮೈ ಹಿಡಿ ಮಾಡಿಕೊಂಡು ತುದಿಯಲ್ಲಿ ಕೂರುತ್ತಿದ್ದರು, ನನಗೂ ಸಾಕಾಗುತ್ತಿತ್ತು. ಒಂದು ಬುಧವಾರ ಸಣ್ಣವನಿಗೆ ವಾಂತಿಯಾಗಿ ನಾನು ಏನೂ ಮಾಡಿರಲಿಲ್ಲ. ಅವರೇ ಸೆರಗು ಕಟ್ಟಿ ಹಂಚಿನ ಮುಂದೆ ನಿಂತು ರೊಟ್ಟಿ ಬಡಿದರು, ಶೇಂಗಾ ಚಟ್ನಿ ಮೊಸರಿನ ಜೊತೆ ಎಲ್ಲರಿಗೂ ಬಡಿಸಿದರು, ಮಗುವಿನ ಬಟ್ಟೆಯನ್ನು ಬಕೆಟ್ಟಿನಲ್ಲಿ ನೆನೆಸಿಟ್ಟು ಹೋದರು. ಅಂದಿನಿಂದ ಪಾಯಸ ನಿಂತಿತು. ಈಗ ಅವರಿಗೆ ನಮ್ಮ ಉಪ್ಪಿನ ಡಬ್ಬಿ ಎಲ್ಲಿದೆ ಎಂದು ಗೊತ್ತು, ದೊಡ್ಡವಳ ಗಣಿತದ ಅಂಕವೂ ಗೊತ್ತು, ನಾನು ಮತ್ತು ನಮ್ಮ ಮನೆಯವರು ಮಾತು ಬಿಟ್ಟಿರುವ ದಿನಗಳೂ ಗೊತ್ತು. ಮಕ್ಕಳು ಅವರನ್ನು ದೊಡ್ಡಮ್ಮ ಎನ್ನುತ್ತಾರೆ.

ತೋರಣಗಲ್ಲಿನ ತಂಗಿಗೆ ನಾನು ಹೇಳುವುದು ಇದನ್ನೇ. ನಿನ್ನ ವಯಸ್ಸಿನ ಅವಿವಾಹಿತರ ಗುಂಪನ್ನೇ ಹುಡುಕಿದರೆ ಅದು ಪ್ರತಿ ವರ್ಷ ಕರಗುತ್ತದೆ. ಒಂದು ಮನೆಯನ್ನು ಹುಡುಕು. ಮಕ್ಕಳಿರುವ ಮನೆಯಾದರೆ ಇನ್ನೂ ಒಳ್ಳೆಯದು, ಅಲ್ಲಿ ಎರಡು ಕೈ ಯಾವಾಗಲೂ ಕಡಿಮೆ ಬಿದ್ದಿರುತ್ತವೆ. ಅವರು ಕರೆಯಲಿ ಎಂದು ಕಾಯಬೇಡ. ನಮಗೆ ಕರೆಯಬೇಕೆಂಬ ಮನಸ್ಸಿರುತ್ತದೆ, ಮನೆ ಹರಡಿಕೊಂಡಿದೆಯೆಂದು ಹಿಂಜರಿಯುತ್ತೇವೆ.

ಕೊಪ್ಪಳದ ಸಭಾಪಾಲಕ

ಸಹೋದರಿಯ ಮಾತಿಗೆ ವೇದದಲ್ಲಿಯೇ ಆಧಾರವಿದೆ. ಕೊರಿಂಥದಲ್ಲಿ ಪೌಲನು ಅಕ್ವಿಲ ಮತ್ತು ಪ್ರಿಸ್ಕಿಲ್ಲರೆಂಬ ದಂಪತಿಗಳ ಮನೆಯಲ್ಲಿಯೇ ಉಳಿದು, ಅವರ ಜೊತೆಗೆ ಗುಡಾರ ಮಾಡುವ ಕೆಲಸ ಮಾಡುತ್ತಿದ್ದನು. ರೋಮಾಪುರದವರಿಗೆ ಬರೆದ ಪತ್ರದ ಕೊನೆಯ ಅಧ್ಯಾಯದಲ್ಲಿ ರೂಫನಿಗೆ ವಂದನೆ ಹೇಳುವಾಗ, ಅವನ ತಾಯಿ ನನಗೂ ತಾಯಿಯೇ ಎನ್ನುತ್ತಾನೆ. ಆ ತಾಯಿ ಅವನಿಗೆ ಏನು ಮಾಡಿದ್ದಳೆಂದು ಅಲ್ಲಿ ಬರೆದಿಲ್ಲ. ಗಂಗಾವತಿಯ ಬುಧವಾರವನ್ನು ಓದಿದ ಮೇಲೆ ಊಹಿಸುವುದು ಕಷ್ಟವಾಗಲಿಲ್ಲ. ತನಗೋಸ್ಕರ ಮನೆ, ತಾಯಿ, ಅಣ್ಣತಮ್ಮಂದಿರನ್ನು ಬಿಟ್ಟವರಿಗೆ ಈ ಕಾಲದಲ್ಲಿಯೇ ನೂರರಷ್ಟು ಮನೆಗಳೂ ತಾಯಂದಿರೂ ದೊರೆಯುವರೆಂದು ಮಾರ್ಕನ ಸುವಾರ್ತೆಯಲ್ಲಿ ಕರ್ತನು ಹೇಳಿದ ಮಾತನ್ನು ನಾವು ಪರಲೋಕದ ಕಡೆಗೆ ತಳ್ಳಿಬಿಡುತ್ತೇವೆ, ಆದರೆ ಅದನ್ನು ನೆರವೇರಿಸಬೇಕಾದವರು ಸಭೆಯವರೇ.

ತೋರಣಗಲ್ಲು ಇಂಜಿನಿಯರ್

ಗಂಗಾವತಿಯ ಅಕ್ಕನವರೇ, ನಿಮ್ಮ ಮಾತನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತಿದ್ದೆ. ಒಂದು ಅಂಜಿಕೆ ಉಳಿದಿದೆ. ಹಾಗೆ ಒಂದು ಮನೆಗೆ ಹೊಂದಿಕೊಂಡವರನ್ನು ಕೆಲವರು ಬಿಟ್ಟಿ ಆಳಿನ ಹಾಗೆ ಬಳಸಿಕೊಳ್ಳುವುದನ್ನೂ ನೋಡಿದ್ದೇನೆ. "ನಿನಗೇನು ಸಂಸಾರವೇ, ಮಕ್ಕಳೇ, ಬಂದು ಮಾಡು" ಎನ್ನುತ್ತಾರೆ. ಕ್ರಿಸ್ಮಸ್ಸಿನಲ್ಲಿ ಅಲಂಕಾರ, ಅಡುಗೆ, ಲೆಕ್ಕ ಎಲ್ಲವೂ ಅವಿವಾಹಿತರ ತಲೆಗೆ. ಹಬ್ಬದ ಮಧ್ಯಾಹ್ನ ಎಲ್ಲರೂ ತಮ್ಮ ತಮ್ಮ ಮನೆಗೆ.

ಗಂಗಾವತಿ ಗೃಹಿಣಿ

ನಿಜ ತಂಗಿ, ಅದು ನಡೆಯುತ್ತದೆ. ಗುರುತಿಸುವುದು ಸುಲಭ: ನಿನಗೆ ಜ್ವರ ಬಂದಾಗ ಆ ಮನೆಯಿಂದ ಯಾರು ಬರುತ್ತಾರೆ ಎಂದು ನೋಡು. ಯಾರೂ ಬಾರದಿದ್ದರೆ ಬೇರೆ ಮನೆ ನೋಡು.

ರಾಯಚೂರು ವಕೀಲೆ

ಚರ್ಚೆ ಆಸ್ಪತ್ರೆಯ ಅರ್ಜಿಯಿಂದ ಆರಂಭವಾದುದರಿಂದ, ಕಾನೂನಿನ ಕೆಲವು ಅಂಶಗಳನ್ನು ಹೇಳುವುದು ಪ್ರಯೋಜನಕಾರಿ. ಪ್ರೀತಿಯನ್ನು ಕಾಗದದ ಮೇಲೂ ಬರೆದಿಡಬೇಕಾಗುತ್ತದೆ.

ಕ್ರೈಸ್ತರ ಉತ್ತರಾಧಿಕಾರಕ್ಕೆ ಅನ್ವಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಸಂಗಾತಿಯೂ ಮಕ್ಕಳೂ ಇಲ್ಲದ ಕ್ರೈಸ್ತರು ಉಯಿಲು ಬರೆಯದೆ ತೀರಿಕೊಂಡರೆ, ತಂದೆ ಬದುಕಿದ್ದಲ್ಲಿ ಆಸ್ತಿಯೆಲ್ಲ ತಂದೆಗೇ ಹೋಗುತ್ತದೆ. ತಂದೆ ಇಲ್ಲದಿದ್ದರೆ ತಾಯಿ, ಅಣ್ಣತಮ್ಮಂದಿರು ಮತ್ತು ಅಕ್ಕತಂಗಿಯರಿಗೆ ಸಮಪಾಲು. ರಾತ್ರಿಯಿಡೀ ಸ್ಟೂಲಿನ ಮೇಲೆ ಕುಳಿತ ಗೆಳತಿಗೆ ಅದರಲ್ಲಿ ಒಂದು ಚಮಚವೂ ಬರುವುದಿಲ್ಲ. ಅವಳಿಗೆ ಏನಾದರೂ ಸಲ್ಲಬೇಕೆಂದಿದ್ದರೆ ಉಯಿಲು ಬರೆಯಲೇಬೇಕು. ಅದಕ್ಕೆ ಇಬ್ಬರು ಸಾಕ್ಷಿಗಳು ಸಹಿ ಹಾಕಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಇಲ್ಲಿ ಒಂದು ಎಚ್ಚರಿಕೆ: ಯಾರಿಗೆ ಆಸ್ತಿ ಬರೆಯುತ್ತೀರೋ ಅವರನ್ನೇ ಸಾಕ್ಷಿಯಾಗಿ ಸಹಿ ಮಾಡಿಸಿದರೆ, ಅವರಿಗೆ ಬರೆದ ಪಾಲು ಅನೂರ್ಜಿತವಾಗುತ್ತದೆ. ಹತ್ತಿರದವರೆಂದು ಅವರ ಕೈಯಲ್ಲಿಯೇ ಸಹಿ ಹಾಕಿಸುವುದು ಸಾಮಾನ್ಯವಾದ್ದರಿಂದ ಒತ್ತಿ ಹೇಳುತ್ತಿದ್ದೇನೆ.

ಸಭೆಗೋ ಅನಾಥಾಲಯಕ್ಕೋ ಬರೆಯಬಯಸುವ ಅವಿವಾಹಿತರು ಹಲವರಿದ್ದಾರೆ. ಅಣ್ಣನ ಮಕ್ಕಳೋ ಅಕ್ಕನ ಮಕ್ಕಳೋ ಇರುವ ಕ್ರೈಸ್ತರು ಧರ್ಮಕಾರ್ಯಕ್ಕೆ ಉಯಿಲು ಬರೆಯುವುದಕ್ಕೆ ಆ ಕಾಯಿದೆಯ 118ನೆಯ ಕಲಮು ಕಠಿಣ ನಿರ್ಬಂಧ ಹಾಕಿತ್ತು: ಸಾವಿಗೆ ಕನಿಷ್ಠ ಹನ್ನೆರಡು ತಿಂಗಳು ಮೊದಲೇ ಬರೆದಿರಬೇಕಿತ್ತು. ಜಾನ್ ವಲ್ಲಮಟ್ಟಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2003ರಲ್ಲಿ ಆ ಕಲಮನ್ನು ಸಂವಿಧಾನಬಾಹಿರವೆಂದು ರದ್ದುಪಡಿಸಿತು. ಹಳೆಯ ತಿಳಿವಳಿಕೆಯ ಮೇಲೆ ಸಲಹೆ ಕೊಡುವವರು ಇಂದಿಗೂ ಇದ್ದಾರೆ.

ಇನ್ನೊಂದು. ಉಯಿಲು ಬರೆದ ಮೇಲೆ ಮದುವೆಯಾದರೆ, ಆ ಉಯಿಲು ತಾನಾಗಿಯೇ ರದ್ದಾಗುತ್ತದೆ. ತೋರಣಗಲ್ಲಿನ ತಂಗಿಗೆ ಮುಂದೆ ಇದು ಉಪಯೋಗಕ್ಕೆ ಬರಲಿ ಎಂದು ಹಾರೈಸುತ್ತೇನೆ.

ಬಳ್ಳಾರಿ ಶಿಕ್ಷಕಿ

ವಕೀಲೆಯವರಿಗೆ ವಿಶೇಷ ಕೃತಜ್ಞತೆಗಳು. ಆ ಗೆಳತಿಯನ್ನೇ ಸಾಕ್ಷಿಯಾಗಿಸಬೇಕೆಂದು ಯೋಚಿಸುತ್ತಿದ್ದೆ; ಇನ್ನು ಶಾಲೆಯ ಇಬ್ಬರು ಸಹೋದ್ಯೋಗಿಗಳನ್ನು ಕೇಳುತ್ತೇನೆ.

ಅಯ್ಯನವರಿಗೆ ಒಂದು ನೇರ ಪ್ರಶ್ನೆ. ಅಣ್ಣನ ಹಾಳೆಯಲ್ಲಿರುವ ಆ ಸಹೋದರಿಯ ಹೆಸರಿನಲ್ಲಿ ರಿಜಿಸ್ಟರಿನಲ್ಲಿ ಒಂದು ಹೊಸ ಹಾಳೆ ತೆರೆಯಲು ಏನು ಅಡ್ಡಿ? ಗೃಹಪ್ರಾರ್ಥನೆ ಅವರ ಮನೆಯಲ್ಲಿಯೂ ನಡೆಯಲಿ. ಅಲ್ಲಿ ಅವರ ಕೆಲಸಕ್ಕಾಗಿ, ಅವರ ಮೊಣಕಾಲು ನೋವಿಗಾಗಿ, ಅವರು ಓದಿಸುತ್ತಿರುವ ಹುಡುಗನಿಗಾಗಿ ಪ್ರಾರ್ಥಿಸಿ. ಮದುವೆಯ ಬಿನ್ನಹವನ್ನು ಅವರು ಕೇಳಿಕೊಂಡರೆ ಮಾತ್ರ ಎತ್ತಿ.

ಕೊಪ್ಪಳದ ಸಭಾಪಾಲಕ

ಅಡ್ಡಿಯೇನೂ ಇಲ್ಲ, ಯಾರೂ ಕೇಳಿರಲಿಲ್ಲ, ನಾವೂ ಯೋಚಿಸಿ ಮಾಡಿರಲಿಲ್ಲ. ಮುಂದಿನ ಸಮಿತಿ ಸಭೆಯ ವಿಷಯಪಟ್ಟಿಯಲ್ಲಿ ಇದನ್ನು ಸೇರಿಸಿದ್ದೇನೆ. ಖಜಾಂಚಿಯವರು ಈಗಾಗಲೇ ಒಂದು ಪ್ರಶ್ನೆ ಎತ್ತಿದ್ದಾರೆ: ಒಬ್ಬರೇ ಇರುವ ಮನೆಗೆ ಕುಟುಂಬದ ವಂತಿಗೆಯನ್ನು ಪೂರ್ತಿ ಹಾಕಬೇಕೋ, ಅರ್ಧವೋ?

ಹಟ್ಟಿಯವ

ಪೂರ್ತಿಯೇ ಹಾಕಿ ಅಯ್ಯನವರೇ. ಜೊತೆಗೆ ಸಮಿತಿಯ ಚುನಾವಣೆಗೆ ನಿಲ್ಲುವ ಹಕ್ಕನ್ನೂ ಪೂರ್ತಿಯೇ ಕೊಡಿ, ಭಾನುವಾರ ಶಾಲೆಯಲ್ಲಿ ಪಾಠ ಹೇಳಲು ಮದುವೆಯ ಷರತ್ತನ್ನು ತೆಗೆಯುವ ವಿಷಯವನ್ನೂ ಅದೇ ಪಟ್ಟಿಗೆ ಸೇರಿಸಿ. ನಿಮ್ಮ ಸಮಿತಿಯ ನಿರ್ಣಯದ ಪ್ರತಿಯೊಂದು ಸಿಕ್ಕರೆ ನಮ್ಮ ಸಮಿತಿಗೂ ತೋರಿಸುತ್ತೇನೆ.